ಆಪರೇಷನ್ ಮುಗಿದ ಮೇಲೆ ಹೃದಯದ ಕೋಣೆಗಳು

ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವೈದ್ಯಕೀಯ ನೆರವು ಸಮಿತಿಯ ಪರವಾಗಿ ಮಾಡಿದ ಭಾಷಣ



ವೇದಿಕೆಯ ಮೇಲಿರುವ ಉಲಮಾಗಳೇ, ಟ್ರಸ್ಟಿನ ಹಿರಿಯರೇ, ದಾನಿಗಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿರುವ ತಂದೆ ತಾಯಂದಿರೇ, ಪ್ರೀತಿಯ ವಿದ್ಯಾರ್ಥಿಗಳೇ,

ಪ್ರತಿ ವರ್ಷ ನಮ್ಮ ಸಮಿತಿ ಇಲ್ಲಿ ನಿಂತು ಎಷ್ಟು ಅರ್ಜಿ ಬಂದವು, ಎಷ್ಟು ಜನರಿಗೆ ನೆರವು ಕೊಟ್ಟೆವು, ಎಷ್ಟು ಹಣ ಖರ್ಚಾಯಿತು ಎಂದು ಲೆಕ್ಕ ಒಪ್ಪಿಸುತ್ತದೆ. ಆ ಲೆಕ್ಕ ಈ ವರ್ಷದ ವರದಿಯಲ್ಲಿಯೂ ಅಚ್ಚಾಗಿದೆ, ತಾವು ಓದಬಹುದು. ಇಂದು ನಮಗೆ ಕೊಟ್ಟ ಸಮಯವನ್ನು ಬೇರೆ ಒಂದು ಮಾತಿಗೆ ಬಳಸುತ್ತೇವೆ. ಹೃದಯದ ಕವಾಟದ ಆಪರೇಷನ್ ಆದ ಮೇಲೆ ಹೃದಯದ ಒಳಗೆ ಏನಾಗುತ್ತದೆ, ಮನೆಯಲ್ಲಿ ಏನಾಗಬೇಕು ಎಂಬುದೇ ಆ ಮಾತು. ಇದನ್ನು ಆರಿಸಿಕೊಳ್ಳಲು ಕಾರಣ ನಮ್ಮದೇ ಒಂದು ಫೈಲು. ಅದರಲ್ಲಿ ನಮ್ಮಿಂದ ತಪ್ಪಾಗಿದೆ. ಅದನ್ನು ತಮ್ಮ ಮುಂದೆ ಹೇಳಿಬಿಡುವುದು ಸರಿ ಎಂದು ಸಮಿತಿ ತೀರ್ಮಾನಿಸಿತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರ ಹೆಣ್ಣುಮಗಳು. ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಎಂದು ಆಕೆಯೂ ಆಕೆಯ ತಂದೆ ತಾಯಿಯೂ ಈ ಸಂಗತಿ ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ತಂದೆ ಹಮಾಲಿ ಕೆಲಸದವರು. ಮಗಳು ನಮ್ಮ ವಿದ್ಯಾರ್ಥಿವೇತನದಲ್ಲೇ ಓದುತ್ತಿದ್ದಳು. ಪದವಿಯ ಎರಡನೇ ವರ್ಷದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು, ರಾತ್ರಿ ಮಲಗಿದರೆ ಕೆಮ್ಮು, ಎದೆಯಲ್ಲಿ ಡವಡವ. ರಕ್ತ ಕಡಿಮೆ ಇದೆ ಎಂದು ಟಾನಿಕ್ ಕುಡಿಸಿದರು. ಕೊನೆಗೆ ಎಕೋ ಮಾಡಿಸಿದಾಗ ಮೈಟ್ರಲ್ ಕವಾಟ ಕೆಟ್ಟಿದೆ, ನಾಡಿ ತಾಳ ತಪ್ಪಿದೆ ಎಂದು ಗೊತ್ತಾಯಿತು. ಆಪರೇಷನ್ ಆಯಿತು. ಸರಕಾರದ ಯೋಜನೆಯಿಂದ ಹೆಚ್ಚಿನ ಖರ್ಚು ನಡೆಯಿತು, ಉಳಿದದ್ದನ್ನು ಟ್ರಸ್ಟ್ ಕೊಟ್ಟಿತು. ಆಕೆ ನಡೆದುಕೊಂಡು ಮನೆಗೆ ಬಂದಳು. ನಾವು ಫೈಲಿನ ಮೇಲೆ 'ಆಪರೇಷನ್ ಯಶಸ್ವಿ, ನೆರವು ಮುಕ್ತಾಯ' ಎಂದು ಬರೆದು ಸಹಿ ಹಾಕಿದೆವು.

ತಪ್ಪಾದದ್ದು ಆ ಸಹಿಯಲ್ಲಿ. ಮುಂದಿನ ಕಥೆ ಹೇಳುವ ಮೊದಲು ಹೃದಯದ ಒಳಗಿನ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಇಲ್ಲದಿದ್ದರೆ ಆಕೆ ಏಕೆ ಹಾಗೆ ಮಾಡಿದಳು ಎಂಬುದು ಅರ್ಥವಾಗುವುದಿಲ್ಲ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲೆ ಎರಡು, ಕೆಳಗೆ ಎರಡು. ಪುಸ್ತಕದ ಭಾಷೆಯಲ್ಲಿ ಮೇಲಿನವು ಹೃತ್ಕರ್ಣ, ಕೆಳಗಿನವು ಹೃತ್ಕುಕ್ಷಿ. ನಾವು ಮೇಲ್ಕೋಣೆ, ಕೆಳಕೋಣೆ ಎನ್ನೋಣ. ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಎಡ ಮೇಲ್ಕೋಣೆಗೆ ಬರುತ್ತದೆ. ಅಲ್ಲಿಂದ ಒಂದು ಬಾಗಿಲು ದಾಟಿ ಎಡ ಕೆಳಕೋಣೆಗೆ ಇಳಿಯುತ್ತದೆ. ಕೆಳಕೋಣೆ ಅದನ್ನು ಇಡೀ ದೇಹಕ್ಕೆ ತಳ್ಳುತ್ತದೆ. ಆ ಬಾಗಿಲೇ ಮೈಟ್ರಲ್ ಕವಾಟ. ದೊಡ್ಡವರಲ್ಲಿ ಅದು ಪೂರ್ತಿ ತೆರೆದಾಗ 4ರಿಂದ 6 ಚದರ ಸೆಂಟಿಮೀಟರಿನಷ್ಟು ದಾರಿ ಇರುತ್ತದೆ. ಅದು 1.5 ಚದರ ಸೆಂಟಿಮೀಟರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ತೀವ್ರವಾಗಿ ಕಿರಿದಾಗಿದೆ ಎನ್ನುತ್ತಾರೆ.

ನಮ್ಮ ಜಿಲ್ಲೆಯವರಿಗೆ ಆಲಮಟ್ಟಿ ಗೊತ್ತು. ಗೇಟು ತೆರೆಯದಿದ್ದರೆ ನೀರು ಹಿಂದಕ್ಕೆ ನಿಲ್ಲುತ್ತದೆ, ಹಿನ್ನೀರು ಮೇಲಿನ ಊರು ಹೊಲಗಳನ್ನು ಆವರಿಸುತ್ತದೆ. ಮೈಟ್ರಲ್ ಕವಾಟ ಕಿರಿದಾದಾಗಲೂ ಹೀಗೆಯೇ. ರಕ್ತ ಕೆಳಗೆ ಇಳಿಯಲಾರದೆ ಎಡ ಮೇಲ್ಕೋಣೆಯಲ್ಲಿ ನಿಲ್ಲುತ್ತದೆ. ಒತ್ತಡ ಏರಿ ಆ ಕೋಣೆ ಹಿಗ್ಗುತ್ತದೆ. ಅದರ ಹಿಂದಿರುವ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಅದಕ್ಕೇ ಮಲಗಿದರೆ ಕೆಮ್ಮು, ನಡೆದರೆ ಏದುಸಿರು. ಇನ್ನೂ ಹಿಂದಕ್ಕೆ ಹೋದರೆ ಬಲಗಡೆಯ ಕೋಣೆಗಳು ದಣಿಯುತ್ತವೆ, ಕಾಲು ಬಾಯುತ್ತದೆ, ಹೊಟ್ಟೆ ಉಬ್ಬುತ್ತದೆ. ಕೆಲವರಲ್ಲಿ ಮೇಲ್ಕೋಣೆ ಎಷ್ಟು ದೊಡ್ಡದಾಗುತ್ತದೆ ಎಂದರೆ ಸುತ್ತಲಿನ ನರ ಒತ್ತಿ ಧ್ವನಿ ಒಡೆಯುತ್ತದೆ, ಅನ್ನನಾಳ ಒತ್ತಿ ರೊಟ್ಟಿ ನುಂಗಲು ಕಷ್ಟವಾಗುತ್ತದೆ.

ಕವಾಟ ಕಿರಿದಾಗದೆ ಸೋರುವುದೂ ಉಂಟು. ಆಗ ಕೆಳಕೋಣೆ ಒತ್ತಿದ ರಕ್ತದಲ್ಲಿ ಒಂದು ಪಾಲು ಮತ್ತೆ ಮೇಲಕ್ಕೆ ಹೋಗುತ್ತದೆ. ಅದೇ ರಕ್ತವನ್ನು ಎರಡೆರಡು ಸಲ ತಳ್ಳುವ ಕೆಲಸದಿಂದ ಎಡ ಕೆಳಕೋಣೆಯೂ ಹಿಗ್ಗುತ್ತದೆ. ಬಹಳ ಜನರಲ್ಲಿ ಕಿರಿದಾಗುವುದು, ಸೋರುವುದು ಎರಡೂ ಒಟ್ಟಿಗೆ ಇರುತ್ತವೆ.

ಇನ್ನು ತಾಳದ ವಿಷಯ. ಆರೋಗ್ಯವಾದ ಹೃದಯದಲ್ಲಿ ಬಲ ಮೇಲ್ಕೋಣೆಯ ಒಂದು ಜಾಗದಿಂದ ವಿದ್ಯುತ್ ಸಂಕೇತ ಹೊರಟು ಮೇಲಿನ ಕೋಣೆಗಳನ್ನು ಮೊದಲು, ಕೆಳಗಿನವನ್ನು ನಂತರ ಬಡಿಸುತ್ತದೆ. ಮೇಲ್ಕೋಣೆ ವರ್ಷಗಟ್ಟಲೆ ಹಿಗ್ಗಿ ನಿಂತರೆ ಅದರ ಗೋಡೆಯ ಸ್ನಾಯುಗಳ ನಡುವೆ ನಾರು ಬೆಳೆಯುತ್ತದೆ. ಸಂಕೇತ ನೇರ ದಾರಿಯಲ್ಲಿ ಹೋಗದೆ ಸುತ್ತು ಸುತ್ತಿ ಅಲ್ಲಲ್ಲೇ ತಿರುಗುತ್ತದೆ. ಮೇಲ್ಕೋಣೆ ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಸುಮ್ಮನೆ ಅದುರುತ್ತದೆ, ಸರಿಯಾಗಿ ಹಿಂಡುವುದಿಲ್ಲ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಮಣಿಕಟ್ಟಿನ ನಾಡಿ ಹಿಡಿದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರ ಒಂದೇ ಇರುವುದಿಲ್ಲ. ನಿಂತ ನೀರಿನಂತೆ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಮೇಲ್ಕೋಣೆಗೆ ಅಂಟಿಕೊಂಡ ಕಿವಿಯಂಥ ಒಂದು ಚೀಲವಿದೆ, ಹೆಪ್ಪು ಹೆಚ್ಚಾಗಿ ಅಲ್ಲೇ ಕಟ್ಟುವುದು. ಅದರ ಚೂರು ಕಿತ್ತು ಮಿದುಳಿಗೆ ಹೋದರೆ ಲಕ್ವಾ.

ಇದೆಲ್ಲ ಎಲ್ಲಿಂದ ಶುರುವಾಗುತ್ತದೆ? ನಮ್ಮ ದೇಶದಲ್ಲಿ ಎಳೆಯ ವಯಸ್ಸಿನವರ ಮೈಟ್ರಲ್ ಕವಾಟ ಹೀಗೆ ಕೆಡುವುದಕ್ಕೆ ಮುಖ್ಯ ಕಾರಣ ಬಾಲ್ಯದ ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದ ಗಂಟಲು ನೋವಿಗೆ ಸರಿಯಾದ ಔಷಧ ಸಿಗದಿದ್ದರೆ, ಎರಡು ಮೂರು ವಾರದ ನಂತರ ಕೆಲವು ಮಕ್ಕಳಿಗೆ ಜ್ವರ, ಮೊಣಕಾಲು, ಕಣಕಾಲಿನಲ್ಲಿ ಬಾವು ಬರುತ್ತದೆ. ಒಂದು ಕೀಲು ಬಿಟ್ಟು ಇನ್ನೊಂದು ಕೀಲಿಗೆ ನೋವು ಓಡಾಡುತ್ತದೆ. ಇದು ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ. ರೋಗಾಣುವಿನ ಮೇಲೆ ಹೋರಾಡಬೇಕಾದ ದೇಹದ ಶಕ್ತಿ ತನ್ನದೇ ಹೃದಯದ ಕವಾಟದ ಮೇಲೆ ತಿರುಗಿ ಬೀಳುತ್ತದೆ. ಕೀಲು ನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. 'ಹುಡುಗ ಬೆಳೀತಿದಾನ, ಕಾಲು ನೋಯ್ತಾವ' ಎಂದು ನಾವು ಬಿಟ್ಟುಬಿಡುತ್ತೇವೆ. ಹತ್ತು ಹದಿನೈದು ವರ್ಷದ ನಂತರ ಅದೇ ಮಗು ಮೆಟ್ಟಿಲು ಹತ್ತಲಾರದೆ ನಿಲ್ಲುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಮೊದಲ ಬಸಿರಿನಲ್ಲಿ ಇದು ಬಯಲಾಗುತ್ತದೆ. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಕಿರಿದಾದ ಬಾಗಿಲು ಅದನ್ನು ತಡೆದುಕೊಳ್ಳುವುದಿಲ್ಲ. ಗರ್ಭಿಣಿಗೆ ಮಲಗಿದರೆ ಏದುಸಿರು ಬಂದರೆ ಅದು ಬಸಿರಿನ ಸಹಜ ಲಕ್ಷಣ ಎಂದು ಸುಮ್ಮನಿರಬೇಡಿ, ಒಂದು ಎಕೋ ಮಾಡಿಸಿ.

ಈಗ ಚಿಕಿತ್ಸೆ. ಕವಾಟ ಕೇವಲ ಕಿರಿದಾಗಿದ್ದು, ಅದರ ಎಲೆಗಳು ಇನ್ನೂ ಮೃದುವಾಗಿದ್ದರೆ ಎದೆ ತೆರೆಯುವ ಅಗತ್ಯವಿಲ್ಲ. ತೊಡೆಸಂದಿನ ರಕ್ತನಾಳದಿಂದ ಬಲೂನ್ ಕಳುಹಿಸಿ ಬಾಗಿಲು ಹಿಗ್ಗಿಸುತ್ತಾರೆ. ಜಪಾನಿನ ಕಾಂಜಿ ಇನೌ ಎಂಬ ವೈದ್ಯರು 1980ರ ದಶಕದಲ್ಲಿ ತಂದ ವಿಧಾನ ಇದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಮತ್ತು ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರು ಈ ಚಿಕಿತ್ಸೆಗೆ ಹೆಸರಾದವರು. ನಮ್ಮ ಭಾಗಕ್ಕೆ ಹತ್ತಿರವಾದ ಕಲಬುರಗಿಯಲ್ಲಿಯೂ ಜಯದೇವ ಸಂಸ್ಥೆ ಇದೆ. 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಸಿಂದಗಿಯವರು ಜೇವರ್ಗಿ ಮಾರ್ಗವಾಗಿ ನೇರ ಅಲ್ಲಿಗೆ ಹೋಗಬಹುದು.

ಕವಾಟ ಗಟ್ಟಿಯಾಗಿದ್ದರೆ ಅಥವಾ ಸೋರುತ್ತಿದ್ದರೆ ಎದೆ ತೆರೆದು ದುರಸ್ತಿ ಮಾಡಬೇಕು, ಇಲ್ಲವೇ ಹೊಸ ಕವಾಟ ಹಾಕಬೇಕು. ಹೊಸದರಲ್ಲಿ ಎರಡು ತರಹ. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಜೀವನಪೂರ್ತಿ ಗುಳಿಗೆ ಬೇಕಾಗದೆ ಇರಬಹುದು, ಆದರೆ ಎಳೆಯ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ. ಲೋಹದ ಕವಾಟ ದಶಕಗಟ್ಟಲೆ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಗುಳಿಗೆ ನುಂಗಬೇಕು. ಒಂದು ಕಾಲದಲ್ಲಿ ಈ ಕವಾಟಗಳೆಲ್ಲ ಪರದೇಶದಿಂದ ಬರಬೇಕಿತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಥಾನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಶ್ರಮಿಸಿ ನಮ್ಮ ದೇಶದ್ದೇ ಕವಾಟ ರೂಪಿಸಿದರು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಸಲ ರೋಗಿಗೆ ಅಳವಡಿಸಿದರು. ವಲಿಯಥಾನ್ ಅವರು ಮುಂದೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, 2024ರಲ್ಲಿ ಅಲ್ಲಿಯೇ ತೀರಿಕೊಂಡರು. ಬಡವರ ಎದೆಯಲ್ಲಿ ಇಂದು ಟಿಕ್ ಟಿಕ್ ಎನ್ನುತ್ತಿರುವ ಎಷ್ಟೋ ಕವಾಟಗಳ ಹಿಂದೆ ಆ ಶ್ರಮ ಇದೆ.

ಕವಾಟದ ಜೊತೆಗೆ ತಾಳವೂ ತಪ್ಪಿದ್ದರೆ, ಅದೇ ಆಪರೇಷನ್ನಿನಲ್ಲಿ ತಾಳವನ್ನು ಸರಿಪಡಿಸಲು ಪ್ರಯತ್ನಿಸುವುದುಂಟು. ಇದಕ್ಕೆ ಮೇಜ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಜೇಮ್ಸ್ ಕಾಕ್ಸ್ 1987ರಲ್ಲಿ ಮೊದಲು ಮಾಡಿದರು. ಮೇಲ್ಕೋಣೆಯ ಗೋಡೆಯಲ್ಲಿ ಲೆಕ್ಕ ಹಾಕಿದ ಗೆರೆಗಳಲ್ಲಿ ಕೊಯ್ದು ಹೊಲಿದರೆ ಆ ಕಲೆಯ ಮೂಲಕ ವಿದ್ಯುತ್ ದಾಟುವುದಿಲ್ಲ. ಹೊಲಕ್ಕೆ ನೀರು ಬಿಡುವಾಗ ಒಡ್ಡು ಹಾಕಿ ಒಂದೇ ಕಾಲುವೆಯಲ್ಲಿ ಹರಿಸುತ್ತೇವಲ್ಲ, ಹಾಗೆ ಸಂಕೇತ ಒಂದೇ ದಾರಿಯಲ್ಲಿ ಹೋಗುವಂತೆ ಮಾಡುತ್ತಾರೆ. ಈಗ ಕೊಯ್ಯುವ ಬದಲು ಹೆಚ್ಚಾಗಿ ಶಾಖದಿಂದ ಅಥವಾ ಅತಿ ತಂಪಿನಿಂದ ಆ ಗೆರೆಗಳನ್ನು ಮಾಡುತ್ತಾರೆ. ಹೆಪ್ಪು ಕಟ್ಟುವ ಆ ಕಿವಿಯಂಥ ಚೀಲವನ್ನೂ ಮುಚ್ಚುತ್ತಾರೆ. ನಾವು ಹೇಳಿದ ಹೆಣ್ಣುಮಗಳಿಗೆ ಲೋಹದ ಕವಾಟದ ಜೊತೆಗೆ ಇದನ್ನೂ ಮಾಡಿದ್ದರು.

ಆಪರೇಷನ್ ಆದ ಮೇಲೆ ಕೋಣೆಗಳಲ್ಲಿ ಏನಾಗುತ್ತದೆ? ಬಾಗಿಲು ತೆರೆಯಿತು, ಒತ್ತಡ ಇಳಿಯಿತು. ಹಿಗ್ಗಿದ ಮೇಲ್ಕೋಣೆ ನಿಧಾನವಾಗಿ ಕುಗ್ಗತೊಡಗುತ್ತದೆ. ಹೆಚ್ಚಿನ ಬದಲಾವಣೆ ಮೊದಲ ಆರು ತಿಂಗಳಿಂದ ಒಂದು ವರ್ಷದಲ್ಲಿ. ತಾಳ ಸರಿಯಾಗಿ ನಿಂತರೆ ಕೋಣೆ ಕುಗ್ಗಲು ಅನುಕೂಲ, ಕೋಣೆ ಕುಗ್ಗಿದರೆ ತಾಳ ನಿಲ್ಲಲು ಅನುಕೂಲ. ಎರಡೂ ಒಂದಕ್ಕೊಂದು ಕೈಹಿಡಿಯುತ್ತವೆ. ಸೋರುವ ಕವಾಟ ಸರಿಯಾದರೆ ಕೆಳಕೋಣೆಯೂ ಚಿಕ್ಕದಾಗುತ್ತದೆ. ಶ್ವಾಸಕೋಶದ ಒತ್ತಡ ಇಳಿದಂತೆ ಬಲಗಡೆಯ ಕೋಣೆಗೂ ವಿಶ್ರಾಂತಿ ಸಿಗುತ್ತದೆ.

ಆದರೆ ಹಿನ್ನೀರು ಇಳಿದ ಮಾತ್ರಕ್ಕೆ ಹೊಲ ಮೊದಲಿನಂತೆ ಆಗುವುದಿಲ್ಲ. ವರ್ಷಗಟ್ಟಲೆ ನೀರು ನಿಂತ ನೆಲ ಸವಳಾಗಿರುತ್ತದೆ. ಮೇಲ್ಕೋಣೆಯ ಗೋಡೆಯಲ್ಲಿ ಬೆಳೆದ ನಾರು ಪೂರ್ತಿ ಹೋಗುವುದಿಲ್ಲ. ಎಷ್ಟು ವರ್ಷ ತಾಳ ತಪ್ಪಿತ್ತು, ಕೋಣೆ ಎಷ್ಟು ದೊಡ್ಡದಾಗಿತ್ತು, ವಯಸ್ಸೆಷ್ಟು ಎಂಬುದರ ಮೇಲೆ ಫಲ ನಿಂತಿದೆ. ಆರೋಗ್ಯವಂತರಲ್ಲಿ ಎಡ ಮೇಲ್ಕೋಣೆಯ ಅಡ್ಡಳತೆ ಸುಮಾರು 4 ಸೆಂಟಿಮೀಟರಿನ ಒಳಗೆ ಇರುತ್ತದೆ. 6 ಸೆಂಟಿಮೀಟರ್ ದಾಟಿದ ಕೋಣೆಯಲ್ಲಿ ತಾಳ ಮರಳಿ ನಿಲ್ಲುವ ಸಾಧ್ಯತೆ ಕಡಿಮೆ. ಕೆಳಕೋಣೆಯದೂ ಅದೇ ಮಾತು. ಅದರ ಶಕ್ತಿ ಕುಂದಿದ ಮೇಲೆ ಕವಾಟ ಸರಿಪಡಿಸಿದರೆ ಕಳೆದುಹೋದ ಶಕ್ತಿಯೆಲ್ಲ ಮರಳುವುದಿಲ್ಲ. ಅದಕ್ಕೇ ವೈದ್ಯರು 'ಆಪರೇಷನ್ ಬೇಕು' ಎಂದಾಗ 'ಇನ್ನೂ ಓಡಾಡುತ್ತಿದ್ದಾಳಲ್ಲ, ಸುಗ್ಗಿ ಮುಗಿಯಲಿ, ಕಬ್ಬು ಕಡಿದು ಬರಲಿ' ಎಂದು ಮುಂದೂಡಬೇಡಿ. ರೋಗಿ ಓಡಾಡುತ್ತಿರುವಾಗಲೇ ಕೋಣೆ ಹಿಗ್ಗುತ್ತಿರುತ್ತದೆ.

ಇನ್ನೆರಡು ಸಂಗತಿ ಗಮನದಲ್ಲಿಡಿ. ಒಂದು, ಮೇಜ್ ಆದ ಮೊದಲ ಮೂರು ತಿಂಗಳಲ್ಲಿ ಆಗಾಗ ತಾಳ ತಪ್ಪುವುದು ಸಾಮಾನ್ಯ. ಗಾಯ ಮಾಯುವ ಸಮಯ ಅದು. ಆಪರೇಷನ್ ವಿಫಲವಾಯಿತು ಎಂದು ಹೆದರಬೇಡಿ, ಆದರೆ ವೈದ್ಯರಿಗೆ ತಿಳಿಸಿ. ಎರಡು, ಇದೇ ಮುಖ್ಯ. ನಾಡಿ ಸರಿಯಾಗಿ ಬಡಿಯುತ್ತಿದ್ದರೂ ಮೇಲ್ಕೋಣೆಯ ಹಿಂಡುವ ಬಲ ಪೂರ್ತಿ ಮರಳಿರದೆ ಇರಬಹುದು. ನಾಡಿಯ ತಾಳ ಬೇರೆ, ಕೋಣೆಯ ಬಲ ಬೇರೆ. ಮತ್ತು ಲೋಹದ ಕವಾಟ ಇದ್ದರೆ ತಾಳ ಸರಿ ಇರಲಿ ಇಲ್ಲದಿರಲಿ, ಕೋಣೆ ಕುಗ್ಗಿರಲಿ ಇಲ್ಲದಿರಲಿ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ಒಂದು ದಿನವೂ ಬಿಡುವಂತಿಲ್ಲ.

ಈಗ ಆ ಮಗಳ ಕಥೆಗೆ ಬರೋಣ. ಆಪರೇಷನ್ ಆಗಿ ಒಂದು ವರ್ಷದ ಎಕೋ ಚೆನ್ನಾಗಿ ಬಂತು. ಮೇಲ್ಕೋಣೆ ಕುಗ್ಗಿದೆ, ನಾಡಿ ಸರಿಯಾಗಿದೆ ಎಂದರು. ಮನೆಯಲ್ಲಿ ಸಂತೋಷ. ಅಷ್ಟರಲ್ಲಿ ಒಂದು ಸಂಬಂಧ ಬಂತು. ಆಪರೇಷನ್ನಿನ ವಿಷಯ ಹೇಳಿದರೆ ಸಂಬಂಧ ಮುರಿದೀತು ಎಂದು ಹೇಳಲಿಲ್ಲ. ದಿನಾ ಸಂಜೆ ಗುಳಿಗೆ ನುಂಗುವುದನ್ನು ಬಂದವರು ಕಂಡರೆ ಏನೆಂದಾರು? ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ವಿಜಯಪುರಕ್ಕೆ ಹೋಗುವುದನ್ನು ಏನೆಂದು ಹೇಳುವುದು? 'ಎಲ್ಲಾ ಸರಿ ಆಗೇತಿ ಅಂದಾರಲ್ಲ, ಇನ್ಯಾಕ ಗುಳಿಗಿ?' ಎಂದು ತಾಯಿಯೂ ಅಂದರು. ಗುಳಿಗೆ ನಿಂತಿತು. ಕೆಲವು ವಾರಗಳ ನಂತರ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಬಲಗೈ ಸೋತಿತು, ಮಾತು ತೊದಲಿತು. ಲೋಹದ ಕವಾಟದ ಮೇಲೆ ಕಟ್ಟಿದ ಹೆಪ್ಪಿನ ಚೂರು ಮಿದುಳಿಗೆ ಹೋಗಿತ್ತು.

ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಮಾತು ಬಹುಮಟ್ಟಿಗೆ ಮರಳಿದೆ. ಕೈಯಲ್ಲಿ ಇನ್ನೂ ಬಲ ಕಡಿಮೆ, ಪರೀಕ್ಷೆ ಬರೆಯಲು ಹೆಚ್ಚಿನ ಸಮಯ ಬೇಕು. ಆ ಸಂಬಂಧ ಮುರಿಯಿತು. ಆಕೆ ಓದನ್ನು ಮತ್ತೆ ಶುರುಮಾಡಿದ್ದಾಳೆ.

ಆ ತಾಯಿಯ ಮೇಲೆ ತಪ್ಪು ಹೊರಿಸುವ ಹಕ್ಕು ನಮಗಿಲ್ಲ. 'ಸರಿಯಾಗಿದೆ' ಎಂಬ ಮಾತಿನ ಅರ್ಥ ಏನು ಎಂದು ಅವರ ಮನೆಗೆ ಹೋಗಿ ಯಾರೂ ಬಿಡಿಸಿ ಹೇಳಲಿಲ್ಲ. ಫೈಲು ಮುಚ್ಚಿದವರು ನಾವು. ಆಪರೇಷನ್ನಿಗೆ ಹಣ ಕೊಟ್ಟ ಟ್ರಸ್ಟಿಗೆ ಒಂದು ಫೋನ್ ಮಾಡಿ 'ಗುಳಿಗೆ ತೊಗೊಂಡ್ಯಾ ಅವ್ವ?' ಎಂದು ಕೇಳುವ ವ್ಯವಸ್ಥೆ ಇರಲಿಲ್ಲ.

ಆದ್ದರಿಂದ ಕವಾಟದ ಆಪರೇಷನ್ ಆದವರ ಮನೆಗಳಿಗೆ ಕೆಲವು ಮಾತು.

ಅಸಿಟ್ರೋಮ್ ಅಥವಾ ವಾರ್ಫರಿನ್ ಗುಳಿಗೆಯನ್ನು ದಿನಾ ಒಂದೇ ಹೊತ್ತಿಗೆ ನುಂಗಬೇಕು. ಎರಡೂ ಒಂದೇ ಕೆಲಸದವಾದರೂ ಪ್ರಮಾಣ ಬೇರೆ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಪರೀಕ್ಷೆಗೆ ಪಿಟಿ-ಐಎನ್‌ಆರ್ ಎಂದು ಹೆಸರು. ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕು. ನಿಮ್ಮ ವೈದ್ಯರು ಹೇಳಿದ ಸಂಖ್ಯೆಯೇ ನಿಮಗೆ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಹೆಪ್ಪು, ಬಹಳ ಹೆಚ್ಚಾದರೆ ರಕ್ತಸ್ರಾವ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ತಡಮಾಡದೆ ತೋರಿಸಿ.

ಹೊಸ ತರಹದ ರಕ್ತ ತೆಳುವಾಗಿಸುವ ಗುಳಿಗೆಗಳು ಬಂದಿವೆ, ಪರೀಕ್ಷೆ ಬೇಡ ಎಂದು ಕೇಳಿರುತ್ತೀರಿ. ಲೋಹದ ಕವಾಟದವರಿಗೆ ಅವು ಸಲ್ಲವು. ರುಮ್ಯಾಟಿಕ್ ಹೃದ್ರೋಗದ ಜೊತೆ ತಾಳ ತಪ್ಪಿದವರ ಮೇಲೆ 24 ದೇಶಗಳಲ್ಲಿ ನಡೆದ ಇನ್ವಿಕ್ಟಸ್ ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸುಮಾರು 4,500 ರೋಗಿಗಳಿದ್ದ ಆ ಅಧ್ಯಯನದಲ್ಲಿ ಹೊಸ ಗುಳಿಗೆಗಿಂತ ಹಳೆಯ ಗುಳಿಗೆ ತೆಗೆದುಕೊಂಡವರಲ್ಲಿಯೇ ಸಾವು ಕಡಿಮೆ ಕಂಡಿತು.

ಊಟದಲ್ಲಿ ಪುಂಡಿ, ಮೆಂತ್ಯ, ರಾಜಗಿರಿ ಪಲ್ಲೆ ಬಿಡಬೇಕೆಂದಿಲ್ಲ. ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವ ಗುಳಿಗೆಯ ಬಲ ತಗ್ಗಿಸುತ್ತದೆ, ಆದ್ದರಿಂದ ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚು ಕಡಿಮೆ ಆಗದಂತೆ ತಿನ್ನಿ. ಮೈಕೈ ನೋವಿಗೆ ಅಂಗಡಿಯ ನೋವಿನ ಗುಳಿಗೆ, ನಾಟಿ ಔಷಧ ವೈದ್ಯರನ್ನು ಕೇಳದೆ ಬೇಡ. ಹಲ್ಲು ಕೀಳಿಸುವ ಮೊದಲು 'ನನಗೆ ಕವಾಟ ಹಾಕಿದ್ದಾರೆ' ಎಂದು ದಂತವೈದ್ಯರಿಗೆ ಹೇಳಿ, ಮುಂಚಿತವಾಗಿ ಔಷಧ ಕೊಡಬೇಕಾಗುತ್ತದೆ. ರುಮ್ಯಾಟಿಕ್ ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿರುತ್ತಾರೆ. ಆಪರೇಷನ್ ಆಯಿತು ಎಂದು ಅದನ್ನು ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ರಮಝಾನಿನ ಬಗ್ಗೆ ಕೇಳುವವರು ಬಹಳ. ಉಪವಾಸಕ್ಕೆ ಕೂರುವ ಒಂದು ತಿಂಗಳು ಮೊದಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ. ಕೆಲವರ ಗುಳಿಗೆಯ ಹೊತ್ತನ್ನು ಇಫ್ತಾರಿನ ನಂತರಕ್ಕೆ ಹೊಂದಿಸಬಹುದು. ಮೂತ್ರದ ಗುಳಿಗೆ ತೆಗೆದುಕೊಳ್ಳುವವರಿಗೆ, ಹೃದಯದ ಶಕ್ತಿ ಕಡಿಮೆ ಇರುವವರಿಗೆ ನಮ್ಮ ಬಿಸಿಲಿನಲ್ಲಿ ನೀರಿಲ್ಲದೆ ಇರುವುದು ಅಪಾಯ. ರೋಗಿಗೆ ದೀನ್ ರಿಯಾಯಿತಿ ಕೊಟ್ಟಿದೆ. ನಂತರ ಪೂರೈಸಲು ಅವಕಾಶವಿದೆ, ಗುಣವಾಗದ ಕಾಯಿಲೆಯವರಿಗೆ ಫಿದ್ಯಾ ಇದೆ. ತವಕ್ಕುಲ್ ಎಂದರೆ ಔಷಧ ಬಿಡುವುದಲ್ಲ ಎಂದು ನಮ್ಮ ಉಲಮಾಗಳೇ ಹೇಳುತ್ತಾರೆ.

ಮದುವೆಯ ವಿಷಯ. ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಕೈಮುಗಿದು ಕೇಳುತ್ತೇವೆ. ಮುಚ್ಚಿಡಬೇಡಿ, ಮತ್ತು ಹೇಳಿದವರನ್ನು ದೂರ ಮಾಡಬೇಡಿ. ಕವಾಟ ಹಾಕಿದ ಹೆಣ್ಣುಮಕ್ಕಳು ಸಂಸಾರ ಮಾಡುತ್ತಾರೆ, ಓದುತ್ತಾರೆ, ದುಡಿಯುತ್ತಾರೆ. ಆದರೆ ಬಸಿರು ಯೋಜನೆ ಮಾಡಿ ಆಗಬೇಕು. ಈ ಗುಳಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು, ಬಿಟ್ಟರೆ ತಾಯಿಗೆ ಅಪಾಯ. ಬಸಿರಿಗೆ ಮೊದಲೇ ಹೃದಯದ ವೈದ್ಯರನ್ನು ಕಂಡರೆ ದಾರಿ ಇದೆ. ಗಂಡನ ಮನೆಗೆ ವಿಷಯವೇ ಗೊತ್ತಿಲ್ಲದಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ.

ಎಕೋ ವರದಿಯನ್ನು ಓದುವುದನ್ನು ಮನೆಯಲ್ಲಿ ಓದಿದ ಮಕ್ಕಳು ಕಲಿಯಿರಿ. ಎಲ್‌ಎ ಎಂದರೆ ಎಡ ಮೇಲ್ಕೋಣೆ, ಎಲ್‌ವಿ ಎಂದರೆ ಎಡ ಕೆಳಕೋಣೆ, ಇಎಫ್ ಎಂದರೆ ಕೆಳಕೋಣೆ ಒಂದು ಬಡಿತದಲ್ಲಿ ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬ ಲೆಕ್ಕ. ಹಳೆಯ ವರದಿ, ಹೊಸ ವರದಿ ಪಕ್ಕಪಕ್ಕ ಇಟ್ಟು ವೈದ್ಯರನ್ನು ಕೇಳಿ. ಎಲ್ಲ ವರದಿಗಳನ್ನೂ ಒಂದೇ ಚೀಲದಲ್ಲಿಡಿ. ಗೋವಾಕ್ಕೋ ಪುಣೆಗೋ ದುಡಿಯಲು ಹೋಗುವಾಗ ಆ ಚೀಲವೂ ಜೊತೆಗೆ ಹೋಗಲಿ.

ಸರಕಾರದ ನೆರವಿನ ಬಗ್ಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. 18 ವರ್ಷದೊಳಗಿನ ಮಕ್ಕಳನ್ನು ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ವೈದ್ಯರ ತಂಡ ಶಾಲೆಗೆ ಬಂದ ದಿನ ಮಗುವನ್ನು ತಪ್ಪಿಸಬೇಡಿ. ಈ ಯೋಜನೆಗಳು ಆಪರೇಷನ್ನಿನ ಬಾಗಿಲನ್ನು ಬಡವರಿಗೆ ತೆರೆದಿವೆ. ಆದರೆ ಮನೆಗೆ ಬಂದ ಮೇಲಿನ ವರ್ಷಗಟ್ಟಲೆಯ ಗುಳಿಗೆ, ರಕ್ತ ಪರೀಕ್ಷೆ, ಎಕೋ, ಬಸ್ ಚಾರ್ಜು, ಆ ದಿನದ ಕಳೆದ ಕೂಲಿ, ಇವು ಹೆಚ್ಚಾಗಿ ಮನೆಯವರ ಮೇಲೇ ಬೀಳುತ್ತವೆ. ಒಂದೊಂದೂ ಸಣ್ಣ ಖರ್ಚು. ಸಣ್ಣದಾಗಿರುವುದರಿಂದಲೇ ಯಾರೂ ಗಮನಿಸುವುದಿಲ್ಲ, ಮನೆ ಅಲ್ಲಿಯೇ ಸೋಲುತ್ತದೆ.

ದಾನಿಗಳೇ, ನಮ್ಮ ಬೇಡಿಕೆ ಇಲ್ಲಿದೆ. ತಾವು ರಮಝಾನಿನಲ್ಲಿ ಕೊಡುವ ಝಕಾತ್ ವರ್ಷಕ್ಕೊಮ್ಮೆ ಬರುತ್ತದೆ, ಗುಳಿಗೆ ತಿಂಗಳು ತಿಂಗಳು ಬೇಕು. ಆಪರೇಷನ್ನಿಗೆ ಕೊಟ್ಟೆ ಎಂದು ಹೇಳಿಕೊಳ್ಳುವುದು ಸುಲಭ, ಒಬ್ಬರ ರಕ್ತ ಪರೀಕ್ಷೆಗೆ ಪ್ರತಿ ತಿಂಗಳು ಕೊಡುತ್ತೇನೆ ಎಂಬುದಕ್ಕೆ ಹೆಸರು ಬರುವುದಿಲ್ಲ. ಆದರೂ ಅದನ್ನೇ ಕೇಳುತ್ತಿದ್ದೇವೆ. ತಿಂಗಳ ಸದಕಾ ಎಂದು ಬೇರೆ ಖಾತೆ ಇಡಲು ಟ್ರಸ್ಟ್ ತೀರ್ಮಾನಿಸಿದೆ. ಝಕಾತ್ ಹಣ ಅದಕ್ಕೆ ಹಕ್ಕುದಾರರಾದವರಿಗೇ ಹೋಗುತ್ತದೆ. ಸದಕಾ ಖಾತೆಯಿಂದ ಯಾವ ಸಮುದಾಯದ ರೋಗಿಗಾದರೂ ನೆರವು ಸಿಗುತ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ದಾಸೋಹ ಎಂದರೆ ಏನೆಂದು ಯಾರಿಗೂ ಕಲಿಸಬೇಕಿಲ್ಲ. ನಮ್ಮ ರೋಗಿಗಳಿಗೆ ರಕ್ತ ಕೊಡಲು ನಿಂತ ನೆರೆಹೊರೆಯವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದರು.

ಇನ್ನು ಮುಂದೆ ನಮ್ಮ ಫೈಲು ಆಸ್ಪತ್ರೆಯಿಂದ ಬಿಟ್ಟ ದಿನ ಮುಚ್ಚುವುದಿಲ್ಲ. ಪ್ರತಿ ತಾಲ್ಲೂಕಿಗೆ ಒಬ್ಬ ಸ್ವಯಂಸೇವಕರು, ಹೆಣ್ಣುಮಕ್ಕಳ ಮನೆಗೆ ಹೆಣ್ಣುಮಕ್ಕಳೇ, ತಿಂಗಳಿಗೊಮ್ಮೆ ವಿಚಾರಿಸುತ್ತಾರೆ. ಗುಳಿಗೆ ನಡೆಯುತ್ತಿದೆಯೇ, ಐಎನ್‌ಆರ್ ಎಷ್ಟು ಬಂತು, ಮುಂದಿನ ಎಕೋ ಯಾವಾಗ, ಪೆನಿಸಿಲಿನ್ ಹಾಕಿಸಿದರೇ ಎಂದು ಬರೆದುಕೊಳ್ಳುತ್ತಾರೆ. ಈ ಕೆಲಸಕ್ಕೆ ಮುಂದೆ ಬಂದವರಲ್ಲಿ ಮೊದಲ ಹೆಸರು ನಾವು ಹೇಳಿದ ಆ ಹೆಣ್ಣುಮಗಳದೇ.

ವಿದ್ಯಾರ್ಥಿಗಳೇ, ಈ ವರ್ಷದ ವಿದ್ಯಾರ್ಥಿವೇತನ ನಿಯಮದಲ್ಲಿ ಒಂದು ತಿದ್ದುಪಡಿ ಆಗಿದೆ. ಕಾಯಿಲೆಯಿಂದಾಗಿ ಒಂದು ವರ್ಷ ಓದು ನಿಂತಿದ್ದರೆ ಅಥವಾ ಹಾಜರಾತಿ ಕಡಿಮೆಯಾಗಿದ್ದರೆ ಅರ್ಜಿ ತಿರಸ್ಕಾರವಾಗುವುದಿಲ್ಲ. ಆಸ್ಪತ್ರೆಯ ಬಿಡುಗಡೆ ಪತ್ರದ ನಕಲು ಲಗತ್ತಿಸಿ. ಕಾಯಿಲೆಯ ವಿವರವನ್ನು ಸಮಿತಿಯ ಹೊರಗೆ ಯಾರಿಗೂ ತಿಳಿಸುವುದಿಲ್ಲ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಎಕೋ ಟೆಕ್ನಿಷಿಯನ್ ಕೋರ್ಸುಗಳಿಗೆ ಹೋಗುವವರಿಗೆ ಆದ್ಯತೆ ಕೊಡುತ್ತೇವೆ. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ನಿಮ್ಮಲ್ಲೊಬ್ಬರು ರಕ್ತ ಪರೀಕ್ಷೆ ಮಾಡುವವರಾದರೆ ಎಷ್ಟೋ ತಾಯಂದಿರಿಗೆ ವಿಜಯಪುರದ ಬಸ್ಸು ತಪ್ಪುತ್ತದೆ.

ಕೊನೆಯದಾಗಿ ಇಲ್ಲಿ ಕುಳಿತಿರುವ ಪ್ರತಿಯೊಬ್ಬ ತಾಯಿಗೆ ಒಂದೇ ಮಾತು. ಮಗುವಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಆಸ್ಪತ್ರೆಗೆ ತೋರಿಸಿ, ಕೊಟ್ಟ ಔಷಧ ಪೂರ್ತಿ ಮುಗಿಸಿ. ಕೀಲು ಬಾತು ನೋವು ಓಡಾಡಿದರೆ ಎದೆಗೆ ಸ್ಟೆತಾಸ್ಕೋಪ್ ಇಡಿಸಿ. ಅಷ್ಟು ಮಾಡಿದರೆ ಮುಂದೆ ಒಂದು ಮನೆಗೆ ಈ ಭಾಷಣವೇ ಬೇಡವಾಗುತ್ತದೆ.

ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ಕೊಟ್ಟ ಕೈಗಳಿಗೆ ಬರ್ಕತ್ ನೀಡಲಿ, ನಮ್ಮ ತಪ್ಪುಗಳನ್ನು ಕ್ಷಮಿಸಲಿ, ಅವನ್ನು ತಿದ್ದಿಕೊಳ್ಳುವ ತೌಫೀಕ್ ಕೊಡಲಿ. ಆಮೀನ್.